ಲಕ್ಕುಂಡಿಯ ಕಲ್ಲು ಪಟ್ಟದಕಲ್ಲಿನಂತೆ ಕೆಂಪಗೆ ಯಾಕಿಲ್ಲ?

ಗದಗದಿಂದ ಅರ್ಧ ದಿನಕ್ಕೆ ಲಕ್ಕುಂಡಿಗೆ ಹೋದರೆ ಏನು ನೋಡಬೇಕು, ಅಲ್ಲಿನ ಕಲ್ಲು ಪಟ್ಟದಕಲ್ಲಿನಂತೆ ಕೆಂಪಗೆ ಯಾಕಿಲ್ಲ ಅಂತ ಕೇಳಿದ್ದೀರಿ. ಮೊದಲು ಕಲ್ಲಿನ ವಿಷಯ. ಪಟ್ಟದಕಲ್ಲಿನದು ಕೆಂಪು ಮರಳುಗಲ್ಲು. ಲಕ್ಕುಂಡಿಯದು ಬಳಪದ ಕಲ್ಲಿನ ಜಾತಿ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಹಾಗಾಗಿಯೇ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳಿಗೆ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತು.

ಅದನ್ನು ನೋಡಲು ಕಾಶಿ ವಿಶ್ವನಾಥ ಗುಡಿಗೇ ಜಾಸ್ತಿ ಸಮಯ ಕೊಡಿ. ಬಾಗಿಲವಾಡದ ಒಂದೊಂದು ಪಟ್ಟಿಯಲ್ಲೂ ಬೇರೆ ಬೇರೆ ಕೆಲಸ ಇದೆ. ಒಳಗಿನ ಕಂಬಗಳು ತಿರುಗಣಿಗೆ ಹಾಕಿ ಕಡೆದಷ್ಟು ನುಣುಪು. ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ ಇದೆ, ಸುಮಾರು ಜನ ಅದನ್ನು ನೋಡದೆಯೇ ವಾಪಸ್ ಹೋಗುತ್ತಾರೆ!

ಬ್ರಹ್ಮ ಜಿನಾಲಯ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ್ದು. ಕೆತ್ತನೆ ಕಡಿಮೆ, ಗಾಂಭೀರ್ಯ ಜಾಸ್ತಿ. ನನಗಂತೂ ಇದೇ ಇಷ್ಟ. ಪಕ್ಕದಲ್ಲೇ ಮ್ಯೂಸಿಯಂ ಇದೆ.

ಮಣಿಕೇಶ್ವರ ಗುಡಿಯ ಮುಸುಕಿನ ಬಾವಿ ಅನ್ನುವ ಮೆಟ್ಟಿಲು ಬಾವಿ ಬಿಡಬೇಡಿ. ಮೆಟ್ಟಿಲ ಗೋಡೆಯಲ್ಲಿ ಪುಟ್ಟ ಪುಟ್ಟ ಗೂಡುಗಳಿವೆ. ಗುಡಿಗಳು ಊರಿನ ಮನೆಗಳ ನಡುವೆಯೇ ಇರುವುದರಿಂದ ನಡೆದೇ ಸುತ್ತಬಹುದು. ಬಿಸಿಲು ಏರುವ ಮುಂಚೆ ಹೋಗಿ ಅಷ್ಟೇ.