ಆ ಜೀಪು ಹತ್ತಬೇಡಿ, ಟೀಚರ್

ನಮ್ಮ ಕಾಸರಗೋಡಿನ ಪೆರ್ಲದ ಕಡೆಯಿಂದ ಬಂದ ಒಂದು ಪತ್ರ ಎರಡು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಮೂರೂವರೆ ಪುಟ, ಮುದ್ದಾದ ಕನ್ನಡ ಅಕ್ಷರ. ಬರೆದವರು ಟೀಚರ್, 37 ವರ್ಷ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಅವರ ಕಥೆ ಇಷ್ಟು. ಕನ್ನಡ ಮಾಧ್ಯಮ ಶಾಲೆಗಳಲ್ಲಿ 11 ವರ್ಷ ದಿನಗೂಲಿ ಲೆಕ್ಕದಲ್ಲಿ ಪಾಠ ಮಾಡಿದ್ದಾರೆ. ಜೂನಿನಲ್ಲಿ ಸೇರು, ಮಾರ್ಚಿನಲ್ಲಿ ಬಿಡು. ಸರ್ಕಾರಿ ಕೆಲಸಕ್ಕೆ ಆರಿಸುವ ಪಿಎಸ್‌ಸಿ ರ‍್ಯಾಂಕ್ ಪಟ್ಟಿಯಲ್ಲಿ ಒಮ್ಮೆ ಹೆಸರು ಬಂದಿತ್ತು. ಕರೆ ಬರುವ ಮೊದಲೇ ಪಟ್ಟಿಯ ಅವಧಿ ಮುಗಿಯಿತು. ಮದುವೆ ಬೇಡ ಅಂತ ತಾವೇ ತೀರ್ಮಾನ ಮಾಡಿದವರು. ಅಪ್ಪ ತೀರಿಕೊಂಡು ನಾಲ್ಕು ವರ್ಷ. ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ, ಎರಡು ಎಕರೆ ಅಡಿಕೆ ತೋಟ. ಈಗ ಕಾಲೇಜಿನ ಗೆಳತಿಯೊಬ್ಬಳು ಕರೆಯುತ್ತಿದ್ದಾಳೆ. ಎಲ್ಲಿಗೆ ಗೊತ್ತಾ? ಸ್ವಾಲ್ಬಾರ್ಡ್‌ಗೆ. ನಾರ್ವೆಗೂ ಉತ್ತರಕ್ಕೆ, ಹಿಮಸಾಗರದ ನಡುವಿನ ದ್ವೀಪಗಳು. ಅಲ್ಲಿನ ಲಾಂಗ್‌ಯೀರ್‌ಬ್ಯೇನ್ ಅನ್ನುವ ಊರಿನ ಹೋಟೆಲಿನಲ್ಲಿ ಕೋಣೆ ಗುಡಿಸಿ ಒರೆಸುವ ಕೆಲಸ, ಆಮೇಲೆ ಅಡುಗೆಮನೆಗೆ ಬಡ್ತಿ.

"ಈ ವಯಸ್ಸಿನಲ್ಲಿ ಚಾಕ್‌ಪೀಸ್ ಬಿಟ್ಟು ಪೊರಕೆ ಹಿಡಿಯುವುದು ಹುಚ್ಚಾ, ಅಕ್ಕ?" ಇದು ಅವರ ಪ್ರಶ್ನೆ.

ಹುಚ್ಚಲ್ಲ, ಟೀಚರ್. ನಮ್ಮ ಊರುಗಳಿಂದ ಹಿಂದೆ ಎಷ್ಟು ಮಂದಿ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದು ಮೇಲೆ ಬಂದಿಲ್ಲ? ದುಡಿದು ತಿನ್ನುವ ಯಾವ ಕೆಲಸವೂ ಕೀಳಲ್ಲ ಅಂತ ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. 11 ವರ್ಷ ನಿಮ್ಮನ್ನು ಪ್ರತಿ ಮಾರ್ಚಿನಲ್ಲಿ ಮನೆಗೆ ಕಳಿಸಿದ ಕೆಲಸವನ್ನು ನೀವು ಬಿಡುವುದರಲ್ಲಿ ತಪ್ಪೇನಿದೆ? ನೀವು ಹೋಗುವ ಊರೂ ಕಸುಬು ಬದಲಿಸಿದ ಊರೇ. 1906ರಲ್ಲಿ ಕಲ್ಲಿದ್ದಲು ಗಣಿಗಾಗಿ ಹುಟ್ಟಿದ್ದು. ಅಲ್ಲಿನ ಕೊನೆಯ ನಾರ್ವೆ ಗಣಿ 2025ರಲ್ಲಿ ಮುಚ್ಚಿತು. ಈಗ ಪ್ರವಾಸಿಗರು ಮತ್ತು ವಿಜ್ಞಾನಿಗಳನ್ನು ನಂಬಿ ಬದುಕುತ್ತಿದೆ.

ಆದರೆ ನನಗೆ ನಿದ್ದೆ ಕೆಡಿಸಿದ್ದು ಇದು ಯಾವುದೂ ಅಲ್ಲ. ಮೂರನೇ ಪುಟದಲ್ಲಿ, ಬೆಚ್ಚಗಿನ ಜಾಕೆಟಿನ ಬೆಲೆಗೂ ಗೆಳತಿಯ ಫೋಟೋದ ವರ್ಣನೆಗೂ ನಡುವೆ, ಕಂಸದೊಳಗೆ ನೀವು ಬರೆದದ್ದು. "ಹೋಗುವ ಮೊದಲು ಜಾಗದ ಒಂದು ಕಾಗದಕ್ಕೆ ಸಹಿ ಹಾಕಬೇಕಂತೆ. ಮಲಯಾಳದಲ್ಲಿದೆ. ನನಗೆ ಮಾತು ಬರುತ್ತದೆ, ಓದುವುದು ತಡವರಿಸುತ್ತದೆ. ಸೋದರಮಾವ ಓದಿ ಅರ್ಥ ಹೇಳಿದರು. ಅದೇನೂ ದೊಡ್ಡ ವಿಷಯವಲ್ಲ."

ಟೀಚರ್, ನಿಮ್ಮ ಪತ್ರದಲ್ಲಿ ದೊಡ್ಡ ವಿಷಯ ಅದೊಂದೇ.

ನೀವು ಬರೆದ ಪ್ರಕಾರ ಜಾಗ ಅಪ್ಪನ ಹೆಸರಲ್ಲಿದೆ. ವಿಲ್ ಇಲ್ಲ. ಹಾಗಿದ್ದರೆ ಅಮ್ಮ, ಅಣ್ಣ, ನೀವು, ಮೂವರಿಗೂ ಸಮಪಾಲು. ಮದುವೆ ಆಗಲಿ ಬಿಡಲಿ, ಊರಲ್ಲಿರಲಿ ಧ್ರುವದಲ್ಲಿರಲಿ, ಅದು ಬದಲಾಗುವುದಿಲ್ಲ. ಬದಲಾಗುವುದು ನೀವೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ರಿಜಿಸ್ಟರ್ ಮಾಡಿಸಿಕೊಟ್ಟರೆ. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅಂದಿನಿಂದ ಇಂದಿನವರೆಗೆ ಆ ಮಾತು ನಮ್ಮ ಜಗಲಿಗಳಲ್ಲಿ ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದೂ ಅದೇ 1956ರಲ್ಲೇ. ಮಗಳಿಗೂ ಪಾಲಿದೆ ಅನ್ನುವ ಈ ಮಾತು ಮಾತ್ರ ಯಾವ ಜಗಲಿಗೂ ಯಾಕೆ ಬರುವುದಿಲ್ಲ?

ಅಣ್ಣನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಎಲೆಚುಕ್ಕಿ ರೋಗ ಬಂದ ತೋಟವನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಮಳೆ ಬಿಟ್ಟಾಗ ಮದ್ದು ಬಿಡಿಸಬೇಕು, ಮರ ಹತ್ತುವವರು ಸಿಗುವುದಿಲ್ಲ. ಅವರು ಊರಲ್ಲೇ ನಿಂತಿದ್ದಾರೆ, ಅಮ್ಮನನ್ನು ನೋಡಿಕೊಳ್ಳುತ್ತಿದ್ದಾರೆ. ತೋಟದ ಫಸಲು ಅವರೇ ತೆಗೆದುಕೊಳ್ಳಲಿ. ಬೇಕಿದ್ದರೆ ಹಾಗಂತ ಬರೆದೂ ಕೊಡಿ.

ನನ್ನ ಸಿಟ್ಟು ಮಾವನ ಮೇಲೆ. ಯಾರೂ ಕೇಳದೆಯೇ ಕಾಗದ ಬರೆಸಿ ತಂದವರು ಅವರು. ಮನೆಯಲ್ಲಿ ಎಲ್ಲರೂ ಕನ್ನಡ ಓದುವವರೇ. 11 ವರ್ಷ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿದ ಸೊಸೆಯ ಮುಂದೆ ಅವಳಿಗೆ ಓದಲಾಗದ ಕಾಗದ ಇಟ್ಟು, "ಓದಿ ಹೇಳಿದ್ದೇನಲ್ಲ" ಅಂದರಲ್ಲ! ಸರ್ಕಾರಿ ಆಫೀಸಿನಲ್ಲಿ ನಮಗೆ ಓದಲಾಗದ ಭಾಷೆಯಲ್ಲಿ ಫಾರಂ ಕೊಟ್ಟರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ಮಾವ ಕೊಟ್ಟರೆ ತಲೆ ಅಲ್ಲಾಡಿಸುತ್ತೇವೆ. ಅಪ್ಪ ಇಲ್ಲದ ಮನೆಯಲ್ಲಿ ಸೋದರಮಾವ ಮಗಳ ಬೆನ್ನಿಗೆ ನಿಲ್ಲಬೇಕಾದವರು. ಇವರು ಅವಳನ್ನು ಕಳಿಸಿಕೊಡುವ ಅವಸರದಲ್ಲಿದ್ದಾರೆ.

"ಅಷ್ಟು ದೂರ ಹೋಗುವವಳಿಗೆ ಇಲ್ಲಿನ ಜಾಗ ಯಾಕೆ?" ಅಂತ ಅವರು ಕೇಳಿದರಂತೆ. ದೂರ ಹೋಗುವವಳಿಗೇ ಬೇಕು. ಯಾಕೆ ಅಂತ ಹೇಳುತ್ತೇನೆ.

"ವೀಸಾ ಬೇಡ" ಅಂತ ನೀವು ಎರಡು ಸಲ ಬರೆದಿದ್ದೀರಿ. ನಿಜ. 1920ರ ಒಪ್ಪಂದದಿಂದಾಗಿ ಸ್ವಾಲ್ಬಾರ್ಡ್‌ನಲ್ಲಿ ಇರಲು, ದುಡಿಯಲು ವೀಸಾ ಬೇಕಿಲ್ಲ. ಆದರೆ ವಿಮಾನ ಹೋಗುವುದು ನಾರ್ವೆಯ ಮೂಲಕ. ಆ ದಾರಿಗೆ ನಮಗೆ ಷೆಂಗೆನ್ ವೀಸಾ, ಅಂದರೆ ನಾರ್ವೆಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ ವೀಸಾ, ಬೇಕು. ಬರುವಾಗಲೂ ಅದೇ ದಾರಿ, ಹಾಗಾಗಿ ಎರಡು ಸಲ ಒಳಗೆ ಹೋಗಲು ಬಿಡುವ ವೀಸಾ ಆಗಬೇಕು. ಇದನ್ನು ಗೆಳತಿಯ ಹತ್ತಿರ ಕೇಳಿದರೆ ವಿವರ ಸಿಗುತ್ತದೆ.

ಅವಳು ಫೋಟೋ ಕಳಿಸದ ವಿಷಯಗಳು ಬೇರೆ ಇವೆ. ಅಲ್ಲಿ ನಿಮ್ಮ ಖರ್ಚು ನಿಮ್ಮದೇ. ಬದುಕಲು ಹಣ ಇಲ್ಲದವರನ್ನು ಅಲ್ಲಿನ ಗವರ್ನರ್ ವಾಪಸ್ ಕಳಿಸಬಹುದು. ಮನೆಗಳು ಹೆಚ್ಚಾಗಿ ಕೆಲಸದ ಜೊತೆಗೇ ಸಿಗುವಂಥವು. ಕೆಲಸ ಹೋದರೆ ಕೋಣೆಯೂ ಹೋಯಿತು ಅಂತಲೇ ಲೆಕ್ಕ. ಅಲ್ಲಿ ಹತ್ತು ವರ್ಷ ದುಡಿದರೂ ನಾರ್ವೆಯಲ್ಲಿ ಕಾಯಂ ಆಗಿ ನೆಲೆಸುವ ಹಕ್ಕಿಗೆ ಆ ವರ್ಷಗಳು ಸೇರುವುದಿಲ್ಲ. ವಯಸ್ಸಾದವರನ್ನು ನೋಡಿಕೊಳ್ಳುವ ವ್ಯವಸ್ಥೆ ಅಲ್ಲಿಲ್ಲ. ಆಸ್ಪತ್ರೆ ಚಿಕ್ಕದು. ದೊಡ್ಡ ಕಾಯಿಲೆಯಾದರೆ ವಿಮಾನದಲ್ಲಿ ನಾರ್ವೆಯ ಟ್ರೊಮ್ಸೊಗೆ ಸಾಗಿಸುತ್ತಾರೆ. ಹೆರಿಗೆಗೂ ಅಷ್ಟೇ, ದಿನ ತುಂಬುವ ಮೊದಲೇ ನಾರ್ವೆಗೆ ಹೋಗಬೇಕು.

ಅಂದರೆ ಕೈಕಾಲು ಗಟ್ಟಿ ಇರುವಷ್ಟು ದಿನ ಮಾತ್ರ ಅದು ನಿಮ್ಮ ಊರು. ಆಮೇಲೆ ಎಲ್ಲರೂ ತಮ್ಮ ತಮ್ಮ ಊರಿಗೆ ವಾಪಸ್. ನಿಮಗೆ ಆಗ ಊರು ಬೇಕಲ್ವಾ?

ಕತ್ತಲೆಯ ಬಗ್ಗೆ ನೀವು "ಅಭ್ಯಾಸವಾಗುತ್ತದೆ" ಅಂದಿದ್ದೀರಿ. ಆಗಬಹುದು. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಅಲ್ಲಿ ಸೂರ್ಯ ಮೇಲೆ ಬರುವುದೇ ಇಲ್ಲ. ಒಂದು ಮರ ಇಲ್ಲ. ಊರಿನ ಗಡಿ ದಾಟಿದರೆ ಹಿಮಕರಡಿಯ ಭಯ. ಅಡಿಕೆ ಮರದ ನೆರಳಲ್ಲಿ ಬೆಳೆದವರಿಗೆ ಅದು ಸಣ್ಣ ಬದಲಾವಣೆಯಲ್ಲ. ಆದರೂ ಒಂದು ಚಳಿಗಾಲ ನೋಡಿ ಬರುತ್ತೇನೆ ಅಂದರೆ ನಾನು ತಡೆಯುವುದಿಲ್ಲ. "ನೋಡಿ ಬರುತ್ತೇನೆ" ಅನ್ನಬೇಕಾದರೆ ಬರಲು ಒಂದು ಜಾಗ ಇರಬೇಕು, ಅಷ್ಟೇ.

ದಾರಿ ಮುಚ್ಚಿದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್‌ಗಳು ವಾಪಸ್ ಬಂದವು. ದಿನವೂ ಹೋಗಿ ಬರುತ್ತಿದ್ದ ದಾರಿ ಅದು. ಒಂದೇ ದಿನದಲ್ಲಿ ಪರದೇಶ ಆಯಿತು. ಧ್ರುವದ ಹತ್ತಿರದ ದಾರಿಯನ್ನು ನಾನು ಹೇಗೆ ನಂಬಲಿ?

ನನ್ನ ಚಿಕ್ಕಮ್ಮನ ವಿಷಯ ಹೇಳಿಬಿಡುತ್ತೇನೆ. ಮದುವೆಯಾಗಿ ಮುಂಬಯಿಗೆ ಹೊರಡುವ ಮೊದಲು ಇಂಥದ್ದೇ ಒಂದು ಕಾಗದಕ್ಕೆ ಸಹಿ ಹಾಕಿದವರು. ಚಿಕ್ಕಪ್ಪ ತೀರಿಕೊಂಡ ಮೇಲೆ ಒಂದು ಟ್ರಂಕ್ ಹಿಡಿದು ಊರಿಗೆ ಬಂದರು. ಯಾರೂ ಬೈಯಲಿಲ್ಲ. ಊಟ ಹಾಕಿದರು, ಚಾಪೆ ಕೊಟ್ಟರು. ಆದರೆ ತಾನು ಹುಟ್ಟಿದ ಮನೆಯಲ್ಲಿ ಅವರು ಕೊನೆಯವರೆಗೂ ಒಳಗಿನ ಪಾತ್ರೆ ಮುಟ್ಟಲು ಅನುಮತಿ ಕೇಳುತ್ತಿದ್ದರು. ನಾನು ಆಗ ಚಿಕ್ಕವಳು. ಆ "ತೆಗೆದುಕೊಳ್ಳಲಾ?" ಅನ್ನುವ ದನಿ ಇನ್ನೂ ಕಿವಿಯಲ್ಲಿದೆ. ಹೆಣ್ಣುಮಕ್ಕಳ ಹೆಸರಲ್ಲಿ ಹತ್ತು ಸೆಂಟ್ಸ್ ಆದರೂ ಜಾಗ ಇರಲಿ ಅಂತ ನಾನು ಇಷ್ಟು ವರ್ಷ ಹಟ ಹಿಡಿದು ಬರೆಯುತ್ತಿರುವುದು ಅವರಿಂದಾಗಿ.

ಹಾಗಾಗಿ ಸ್ವಾಲ್ಬಾರ್ಡ್‌ಗೆ ಹೋಗಲೋ ಬೇಡವೋ ಅನ್ನುವುದನ್ನು ನಿಮಗೇ ಬಿಡುತ್ತೇನೆ. ಹೋಗುವುದಾದರೆ ಕೆಲಸ ಮತ್ತು ಕೋಣೆ ಎರಡೂ ಬರಹದಲ್ಲಿ ಸಿಕ್ಕ ಮೇಲೆ ಹೊರಡಿ, ವಾಪಸ್ ಬರುವ ಟಿಕೆಟಿನ ಹಣವನ್ನು ಅಮ್ಮನ ಕೈಯಲ್ಲಿ ಇಟ್ಟು ಹೊರಡಿ. ಆ ಕಾಗದವನ್ನು ಮಾತ್ರ ನಿಮಗೆ ಬಿಡುವುದಿಲ್ಲ.

ಅದರ ನಕಲು ಕೇಳಿ ತೆಗೆದುಕೊಳ್ಳಿ. ಅಪ್ಪನ ಹೆಸರಿನ ತೀರ್ವೆ (ಭೂಕಂದಾಯ) ರಶೀದಿಯನ್ನೂ ಜೊತೆಗಿಡಿ. ಕಾಸರಗೋಡಿಗೆ ಹೋಗಿ ಕಾನೂನು ಸೇವಾ ಪ್ರಾಧಿಕಾರದಲ್ಲಿ ಒಬ್ಬ ವಕೀಲರನ್ನು ಕೇಳಿ. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಯಿತು. ಕಾಗದದ ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಿ. "ಬಿಡುಗಡೆ ಬೇಡದಿದ್ದರೆ ಪವರ್ ಆಫ್ ಅಟಾರ್ನಿ ಕೊಡು" ಅಂತ ಮಾವ ಮಾತು ತಿರುಗಿಸಬಹುದು. ಅದನ್ನೂ ವಕೀಲರಿಗೆ ತೋರಿಸದೆ ಕೊಡಬೇಡಿ.

ಅಮ್ಮ ಈ ವಿಷಯದಲ್ಲಿ ಏನೂ ಹೇಳುವುದಿಲ್ಲ ಅಂತ ಬರೆದಿದ್ದೀರಿ. ಅವರನ್ನು ಯಾರಾದರೂ ಕೇಳಿದ್ದಾರಾ? ಮೂರರಲ್ಲಿ ಒಂದು ಪಾಲು ಅವರದ್ದೂ ಹೌದು. ಒಲೆಯ ಮುಂದೆ ಇಬ್ಬರೇ ಇರುವಾಗ ಒಮ್ಮೆ ಕೇಳಿ ನೋಡಿ.

ಶಾಲೆ ಮುಗಿದ ಮರು ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಲು ಮಾವ ಜೀಪು ತರುತ್ತಾರಂತೆ. ಆ ಸೋಮವಾರ ನೀವು ಅಂಗಳಕ್ಕೆ ಇಳಿಯಲೇಬೇಡಿ. "ವಕೀಲರು ಓದಿದ ಮೇಲೆ ನೋಡೋಣ, ಮಾವ" ಅಂತ ಜಗಲಿಯಿಂದಲೇ ಹೇಳಿ. ಅವರಿಗೆ ಕುಡಿಯಲು ಏನಾದರೂ ಕೊಡಿ. ಜೀಪು ಮಾತ್ರ ಹತ್ತಬೇಡಿ.