ಲಿಂಗನಮಕ್ಕಿಯಲ್ಲಿ ಕೊನೆಯ 19 ಅಡಿಗೆ ಏಕಿಷ್ಟು ಬೆಲೆ?

ಪ್ರಶ್ನೆ: ಲಿಂಗನಮಕ್ಕಿ ಜಲಾಶಯ 1,800 ಅಡಿ ಮುಟ್ಟಿದೆ ಎಂದು ಓದಿದೆ. ಪೂರ್ಣ ಮಟ್ಟ 1,819. ಬರೀ 19 ಅಡಿ ಬಾಕಿ ಇರುವಾಗ ಕರೆಂಟಿನ ಚಿಂತೆ ಏಕೆ? ಬೇಸಿಗೆಯಲ್ಲಿ ಮಟ್ಟ ಇಳಿದರೆ ಉತ್ಪಾದನೆಯೂ ಕುಗ್ಗುತ್ತದೆಯೇ?
– ಓದುಗರು, ಸಾಗರ

ಉತ್ತರ: ಆ ಅಡಿಗಳು ಸಮುದ್ರಮಟ್ಟದಿಂದ ಎಣಿಸಿದವು, ನೀರಿನ ಆಳವಲ್ಲ. ಅಣೆಕಟ್ಟಿನ ಎತ್ತರವೇ ಸುಮಾರು 60 ಮೀಟರ್. ಶರಾವತಿ ಕಣಿವೆ ಮೇಲೆ ಹೋದಷ್ಟೂ ಅಗಲ. ತುಂಬಿದಾಗ ಹಿನ್ನೀರು 300 ಚದರ ಕಿ.ಮೀ.ಯಷ್ಟು ಹರಡುತ್ತದೆ, ಆಗ ಒಂದೇ ಅಡಿಯಲ್ಲಿ ಸುಮಾರು 3 ಟಿಎಂಸಿ (1 ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ನಿಲ್ಲುತ್ತದೆ. ಒಟ್ಟು ಸಾಮರ್ಥ್ಯ 151 ಟಿಎಂಸಿ. ಅದರ ಸುಮಾರು ಮೂರನೇ ಒಂದು ಪಾಲು ನೀವು ಹೇಳಿದ ಆ 19 ಅಡಿಯಲ್ಲೇ ಇದೆ. ಹಾಗಾಗಿ ಅಡಿ ಬಿಟ್ಟು ಟಿಎಂಸಿ ನೋಡಿ.

ಮಟ್ಟ ಇಳಿದರೆ ಪೆಟ್ಟು ಬೀಳುವುದು ಅಣೆಕಟ್ಟಿನ ಬುಡದಲ್ಲಿರುವ 55 ಮೆಗಾವಾಟ್ ವಿದ್ಯುದಾಗಾರಕ್ಕೆ ಮಾತ್ರ. ಅಲ್ಲಿಂದ ಹೊರಬಂದ ನೀರು ಕಾಲುವೆಯಲ್ಲಿ ತಳಕಳಲೆ ಸಮತೋಲನ ಜಲಾಶಯ ಸೇರುತ್ತದೆ. ದೊಡ್ಡ ಘಟಕವಾದ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ ಪೆನ್‌ಸ್ಟಾಕ್ ಕೊಳವೆಗಳು ಇಳಿಯುವುದು ತಳಕಳಲೆಯಿಂದ. ಅಲ್ಲಿನ ಮಟ್ಟವನ್ನು ಹೆಚ್ಚು ಏರಿಳಿಯಲು ಬಿಡುವುದಿಲ್ಲ. ಆದ್ದರಿಂದ ಲಿಂಗನಮಕ್ಕಿ ಅರ್ಧ ಖಾಲಿಯಾದರೂ ಶರಾವತಿ ವಿದ್ಯುದಾಗಾರದ ಟರ್ಬೈನ್ ಆದ ಪೆಲ್ಟನ್ ಚಕ್ರಕ್ಕೆ ಬಡಿಯುವ ನೀರಿನ ರಭಸ ಅಷ್ಟೇ ಇರುತ್ತದೆ.

ಆ ರಭಸಕ್ಕೆ ಕಾರಣ ಸುಮಾರು 440 ಮೀಟರ್ ಇಳಿತ. ದಕ್ಷತೆ ಶೇ 87 ಎಂದಿಟ್ಟುಕೊಂಡರೆ ಸಾವಿರ ಲೀಟರ್ ನೀರಿಗೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು, 1 ಟಿಎಂಸಿಗೆ ಸುಮಾರು 2.9 ಕೋಟಿ ಯೂನಿಟ್. ಬಯಲುಸೀಮೆಯಲ್ಲಿ 25 ಮೀಟರ್ ಇಳಿತದ ಅಣೆಕಟ್ಟಾದರೆ ಅಷ್ಟೇ ನೀರಿಗೆ 17 ಲಕ್ಷ ಯೂನಿಟ್ ಸಿಗುವುದೂ ಕಷ್ಟ. ಶರಾವತಿಯ ಹತ್ತೂ ಯಂತ್ರ ಹಗಲುರಾತ್ರಿ ಪೂರ್ಣ ಓಡಿದರೆ ದಿನಕ್ಕೆ 0.84 ಟಿಎಂಸಿ ಬೇಕು. ಅಂದರೆ ಒಳಹರಿವಿಲ್ಲದೆ ತುಂಬಿದ ಜಲಾಶಯವೂ ಆರು ತಿಂಗಳಿಗೆ ಬರಿದು. ಮುಂದಿನ ಜೂನ್‌ವರೆಗೆ ಸಂಜೆಯ ಬೇಡಿಕೆಗೆ ನೀರು ಉಳಿಸಬೇಕಾದ್ದರಿಂದಲೇ ಚಿಂತೆ.

ಭರ್ತಿಯಾದ ಮೇಲೆ 11 ಕ್ರೆಸ್ಟ್ ಗೇಟುಗಳಿಂದ ಬಿಟ್ಟ ನೀರು ಜೋಗಕ್ಕೆ ಸೊಬಗು ತರುತ್ತದೆ ನಿಜ, ಆದರೆ ಈ ದೊಡ್ಡ ಇಳಿತವನ್ನು ತಪ್ಪಿಸಿಕೊಂಡು ಹೋಗುತ್ತದೆ. ಕೆಳಗೆ ಗೇರುಸೊಪ್ಪೆಯ 240 ಮೆಗಾವಾಟ್ ಘಟಕಕ್ಕೆ ಅದರಲ್ಲಿ ಒಂದಿಷ್ಟು ದಕ್ಕೀತು.

ಪತ್ರಿಕೆಯಲ್ಲಿ ಒಳಹರಿವು ಕ್ಯುಸೆಕ್‌ನಲ್ಲಿರುತ್ತದೆ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಎಂದು. 11,574 ಕ್ಯುಸೆಕ್ ಇಡೀ ದಿನ ಹರಿದರೆ 1 ಟಿಎಂಸಿ. ಹಾಗಾಗಿ ಜಲಾಶಯ ತುಂಬುತ್ತ ಬಂದಾಗ 35,000 ಕ್ಯುಸೆಕ್ ಬಂದರೂ ದಿನಕ್ಕೆ ಏರುವುದು ಒಂದು ಅಡಿಯಷ್ಟೇ.