ಏಳು ವರ್ಷದ ಮಗಳಿಗೆ ಮನೆಯಲ್ಲೇ ಪಾಠ: ಒಂದು ಪ್ರತಿಕ್ರಿಯೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಕನ್ನಡ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿರುವುದರಿಂದ ಏಳು ವರ್ಷದ ಮಗಳಿಗೆ ಮನೆಯಲ್ಲೇ ಕಲಿಸಿದರೆ ಮುಂದೆ ಪ್ರಮಾಣಪತ್ರಕ್ಕೆ ತೊಂದರೆಯಾದೀತೇ ಎಂದು ತಾವು ಕೇಳಿದ್ದೀರಿ. ಆ ಭಯ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಸೆಕ್ಷನ್ ಪ್ರಕಾರ, ಶಾಲೆಯಿಂದ ಹೊರಗುಳಿದ ಮಗು 14 ವರ್ಷದೊಳಗೆ ಯಾವಾಗ ಬಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹತ್ತನೆಯ ತರಗತಿಗೆ ನೋಂದಾಯಿಸಲೂಬಹುದು.

ನನ್ನ ಚಿಂತೆ ಬೇರೆಯದು. ನಾನು ಮಗನಿಗೆ ಎರಡು ವರ್ಷ ಮನೆಯಲ್ಲೇ ಕಲಿಸಿದೆ. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಹತ್ತರ ರಾಶಿಗಳಾಗಿ ಜೋಡಿಸುತ್ತ ಅವನು ಗುಣಾಕಾರವನ್ನು ಚೆನ್ನಾಗಿಯೇ ಕಲಿತ, ಆದರೆ ನಾಲ್ಕು ಮಕ್ಕಳ ಮುಂದೆ ಪಾಠ ಓದಲು ನಿಂತಾಗ ಅವನ ದನಿಯೇ ಹೊರಡಲಿಲ್ಲ. ಓರಗೆಯವರ ಜೊತೆ ಜಗಳವಾಡಿ, ರಾಜಿಯಾಗಿ, ಕನ್ನಡದಲ್ಲೇ ವಾದಿಸುವ ಅಭ್ಯಾಸವನ್ನು ತಾಯ್ತಂದೆಯರು ಎಷ್ಟು ಪ್ರಯತ್ನಿಸಿದರೂ ಕೊಡಲಾರರು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ನಮ್ಮ ಮಕ್ಕಳೇ ಇಲ್ಲದಿದ್ದರೆ ಆ ತರಗತಿಯನ್ನು ಯಾರಿಗಾಗಿ ಕೇಳೋಣ? ಮಗಳನ್ನು ಶಾಲೆಗೆ ಸೇರಿಸಿ, ತಮ್ಮ ಪಾಠವನ್ನು ಸಂಜೆಗೆ ಇಟ್ಟುಕೊಳ್ಳಿ ಎಂದು ವಿನಂತಿಸುತ್ತೇನೆ.